ತರಗತಿಯ ಜಾಲತಾಣವೂ ಇಂಗ್ಲಿಷ್ ಕಲಿಯುವ ಕನ್ನಡದ ಮಕ್ಕಳೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಕೊಟ್ಟ ಉಪನ್ಯಾಸ)



ಮಠದ ಮಹೋತ್ಸವವು ಹಿಂದಿನವರ ಉಪಕಾರವನ್ನು ಸ್ಮರಿಸುವ ದಿನವಾಗಿರುವಂತೆ ಮುಂದಿನವರ ಹಿತವನ್ನು ವಿಚಾರಿಸುವ ದಿನವೂ ಆಗಿರುವದು. ಅನ್ನದಾನ, ಆಶ್ರಯದಾನ, ವಿದ್ಯಾದಾನಗಳೆಂಬ ಮೂರು ದಾನಗಳಿಂದ ಕರ್ನಾಟಕದ ಮಠಗಳು ಬಡವರ ಮಕ್ಕಳನ್ನು ಮುಂದೆ ತಂದ ಸಂಗತಿಯು ಸರ್ವರಿಗೂ ವಿದಿತವಾದುದು. ಆ ವಿದ್ಯಾದಾನದ ಒಂದು ಹೊಸ ಬಗೆಯೇ ಈ ಉಪನ್ಯಾಸದ ವಿಷಯವು. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರು ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಅವರ ತರಗತಿಯದೇ ಆದ ಒಂದು ಜಾಲತಾಣವು, ಅಂದರೆ ಜನರು ವೆಬ್‌ಸೈಟ್ ಎಂದು ಕರೆಯುವ ಸಾಧನವು, ಯಾವ ರೀತಿಯಿಂದ ಉಪಯೋಗವಾಗಬಲ್ಲದು, ಅದನ್ನು ಯಾರು ಹೇಗೆ ಕಟ್ಟಬೇಕು, ಕಟ್ಟಿದ ಮೇಲೆ ಹೇಗೆ ಉಳಿಸಿಕೊಳ್ಳಬೇಕು ಎಂಬದನ್ನು ಇಲ್ಲಿ ಕ್ರಮವಾಗಿ ವಿಚಾರಿಸಬೇಕಾಗಿದೆ.

ಹಿಂದಿನವರು ತೋರಿದ ದಾರಿ

ಕಲಿಸುವ ಭಾಷೆ ಯಾವದು, ಕಲಿಯುವ ಮಗುವಿನ ಭಾಷೆ ಯಾವದು ಎಂಬ ಪ್ರಶ್ನೆಯು ಈ ಸೀಮೆಗೆ ಹೊಸದಲ್ಲ. ರಾಮದುರ್ಗವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ಭಾವೆ ಮನೆತನದ ಅರಸರ ಸಂಸ್ಥಾನವಾಗಿದ್ದಿತು. ನೆರೆಯ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಮರಾಠಿಯು ನೆಲೆಯೂರಿದ್ದಿತು. ಮನೆಯಲ್ಲಿ ಕನ್ನಡವಾಡುವ ಮಗುವು ಶಾಲೆಗೆ ಬಂದೊಡನೆ ತನಗೆ ತಿಳಿಯದ ಮಾತಿನಲ್ಲಿ ಲೆಕ್ಕವನ್ನೂ ಬರಹವನ್ನೂ ಕಲಿಯಬೇಕಾಗುತ್ತಿದ್ದಿತು. ಆ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರ (1833-1881) ಹೆಸರು ಮೊದಲು ನೆನೆಯತಕ್ಕದ್ದು. ಅವರು ಇಂಗ್ಲಿಷ್ ವಿದ್ಯೆಯನ್ನು ಕಷ್ಟಪಟ್ಟು ಸಂಪಾದಿಸಿದವರು. ಆ ವಿದ್ಯೆಯ ಬಲದಿಂದಲೇ ಸರಕಾರದ ವಿದ್ಯಾಖಾತೆಯಲ್ಲಿ ಅಧಿಕಾರಕ್ಕೆ ಬಂದವರು. ಬಂದ ಅಧಿಕಾರವನ್ನು ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠ ದೊರೆಯುವಂತೆ ಮಾಡುವದಕ್ಕೆ ವಿನಿಯೋಗಿಸಿದರು. ಅವರೇ 1871ರಲ್ಲಿ ಶೇಕ್ಸ್‌ಪಿಯರ್ ಕವಿಯ ಒಂದು ವಿನೋದ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಇಂಗ್ಲಿಷನ್ನು ಬಲ್ಲವರು ಕನ್ನಡವನ್ನು ತೊರೆಯಬೇಕಾಗಿಲ್ಲ, ಕನ್ನಡವನ್ನು ಪ್ರೀತಿಸುವವರು ಇಂಗ್ಲಿಷಿಗೆ ಹೆದರಬೇಕಾಗಿಲ್ಲ ಎಂಬದಕ್ಕೆ ಅವರ ಜೀವಿತವೇ ಸಾಕ್ಷಿಯಾಗಿರುವದು.

ಮುಂದೆ ಸವದತ್ತಿ ತಾಲೂಕಿನ ಸಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯರು (1861-1906) ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂದಿತು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳವರು ಬೆಳಗಾವಿಯಲ್ಲಿ ಪ್ರಸಾದನಿಲಯವನ್ನು ನಡೆಸಿ, ಹಳ್ಳಿಯಿಂದ ಬಂದ ಮಕ್ಕಳಿಗೆ ಉಣ್ಣಲು ಅನ್ನವನ್ನೂ ಓದಲು ದೀಪವನ್ನೂ ಒದಗಿಸಿದರು. ಆ ದೀಪದ ಬೆಳಕಿನಲ್ಲಿ ಓದಿದವರು ಎಷ್ಟೋ ಜನರು ವಕೀಲರೂ ವೈದ್ಯರೂ ಅಧ್ಯಾಪಕರೂ ಆದರು. ಪ್ರಸಾದನಿಲಯದ ಉಪಕಾರವು ಅನ್ನದಲ್ಲಿ ಎಷ್ಟಿದ್ದಿತೋ, ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿಯೂ ಅಷ್ಟೇ ಇದ್ದಿತು. ಯಾಕಂದರೆ ಅಲ್ಲಿ ಒಬ್ಬನಿಗೆ ತಿಳಿಯದ ಪಾಠವನ್ನು ಹೇಳಿಕೊಡಲು ಇನ್ನೊಬ್ಬ ಹಿರಿಯ ವಿದ್ಯಾರ್ಥಿಯು ಮಗ್ಗುಲಲ್ಲಿಯೇ ಇರುತ್ತಿದ್ದನು. ಈ ಅಂಶವನ್ನು ಶ್ರೋತೃಗಳು ಮನಸ್ಸಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲವೂ ಇದರ ಮೇಲೆಯೇ ನಿಂತಿರುವದು.

ಇಂದಿನ ಅಡಚಣೆ

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. 2019-20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಹೀಗಿದ್ದರೂ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಜಾಣ ಮಗುವು ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನವನ್ನು ಆರಿಸಿಕೊಂಡ ಕೂಡಲೆ ಎಲ್ಲ ಪಾಠಗಳೂ ಇಂಗ್ಲಿಷಿನಲ್ಲಿ ನಡೆಯುವದನ್ನು ಕಂಡು ಕಂಗಾಲಾಗುವದು. ನಿನ್ನೆಯ ವರೆಗೆ ‘ದ್ಯುತಿಸಂಶ್ಲೇಷಣೆ’ಯನ್ನು ಚೆನ್ನಾಗಿ ವಿವರಿಸಿದ ಹುಡುಗಿಯು ಅದೇ ಸಂಗತಿಗೆ ‘ಫೋಟೋಸಿಂಥಸಿಸ್’ ಎಂಬ ಹೆಸರು ಬಂದಾಗ ತನಗೇನೂ ತಿಳಿಯದೆಂದು ಭಾವಿಸುವಳು. ಅವಳಿಗೆ ವಿಷಯವು ಗೊತ್ತಿದೆ. ಹೆಸರು ಮಾತ್ರ ಗೊತ್ತಿಲ್ಲ. ಆದರೆ ಪರೀಕ್ಷೆಯು ಈ ಭೇದವನ್ನು ನೋಡುವದಿಲ್ಲ. ಈ ಭಯದಿಂದಲೇ ತಂದೆತಾಯಿಗಳು ಸಾಲ ಮಾಡಿಯಾದರೂ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಕಳುಹಿಸುತ್ತಿರುವರು. ಅವರನ್ನು ನಿಂದಿಸಿ ಫಲವಿಲ್ಲ. ಕನ್ನಡ ಶಾಲೆಯಲ್ಲಿಯೇ ಇಂಗ್ಲಿಷ್ ಚೆನ್ನಾಗಿ ಬರುವದೆಂಬ ಭರವಸೆಯನ್ನು ಹುಟ್ಟಿಸಿದರೆ ಮಾತ್ರ ಕನ್ನಡ ಶಾಲೆಯು ಉಳಿಯುವದು.

ಇಲ್ಲಿ ಅಡಚಣೆಯ ಮೂಲವನ್ನು ಸರಿಯಾಗಿ ಗುರುತಿಸಬೇಕು. ಶಾಲೆಯಲ್ಲಿ ಇಂಗ್ಲಿಷಿಗೆ ದಿನಕ್ಕೆ ದೊರೆಯುವದು ಒಂದು ತಾಸಿಗಿಂತ ಕಡಿಮೆ ಹೊತ್ತು. ಆ ಹೊತ್ತು ಪಟ್ಟಣದ ಮಗುವಿಗೂ ಹಳ್ಳಿಯ ಮಗುವಿಗೂ ಹೆಚ್ಚು ಕಡಿಮೆ ಸಮಾನವೇ. ಭೇದವು ಹುಟ್ಟುವದು ಮನೆಯಲ್ಲಿ. ಪಟ್ಟಣದ ಸ್ಥಿತಿವಂತರ ಮನೆಯಲ್ಲಿ ತಿಳಿಯದ ಶಬ್ದವನ್ನು ಕೇಳಲು ತಂದೆಯೋ ತಾಯಿಯೋ ಟ್ಯೂಶನ್ ಹೇಳುವವರೋ ಇರುವರು. ರಾಮದುರ್ಗ, ಸುರೇಬಾನದ ನೇಕಾರರ ಓಣಿಯಲ್ಲಿ ತಂದೆಯು ಮಗ್ಗದ ಮುಂದೆ ಕುಳಿತಿರುವನು. ತಾಯಿಯು ಕಂಡಿಕೆ ಸುತ್ತುತ್ತಿರುವಳು. ಕಟಕೋಳ, ಚಂದರಗಿ, ಸಾಲಹಳ್ಳಿಗಳ ಹೊಲದ ಮನೆಗಳಲ್ಲಿ ದುಡಿದು ಬಂದವರಿಗೆ ಊಟದ ಹೊತ್ತಿಗೇ ಕಣ್ಣು ಮುಚ್ಚುತ್ತಿರುವವು. ಪ್ರೀತಿಗೆ ಅಲ್ಲಿ ಕೊರತೆಯಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿಯ ಒಂದು ಶಬ್ದವನ್ನು ಓದಿ ತೋರಿಸುವವರು ಮಾತ್ರ ಇಲ್ಲ. ಪ್ರಸಾದನಿಲಯದಲ್ಲಿ ಮಗ್ಗುಲಲ್ಲಿಯೇ ಕುಳಿತಿರುತ್ತಿದ್ದ ಹಿರಿಯ ವಿದ್ಯಾರ್ಥಿಯು ಈ ಮಗುವಿಗೆ ಇಲ್ಲ. ರಾತ್ರಿ ಎಂಟು ಗಂಟೆಗೆ ಕೇಳುವರಿಲ್ಲದ ಆ ಮಗುವಿಗೆ ಉತ್ತರ ಕೊಡುವ ಸಾಧನವು ಬೇಕಾಗಿದೆ. ತರಗತಿಯ ಜಾಲತಾಣದ ಪ್ರಯೋಜನವು ಇದರಲ್ಲಿಯೇ ಅಡಗಿರುವದು.

ಇದಲ್ಲದೆ ಇತ್ತೀಚಿನ ಎರಡು ವಿಪತ್ತುಗಳು ಇದೇ ಪಾಠವನ್ನು ಕಲಿಸಿದವು. 2019ರ ಅಗಸ್ಟದಲ್ಲಿ ಮಲಪ್ರಭೆಯು ಉಕ್ಕಿ ಹರಿದು ರಾಮದುರ್ಗ ತಾಲೂಕಿನ ನದೀತೀರದ ಊರುಗಳಲ್ಲಿ ಮನೆಮಾರುಗಳನ್ನು ಮುಳುಗಿಸಿದಳು. ನೆರೆಯ ನೀರಿಗೆ ಸಿಕ್ಕ ಪುಸ್ತಕವು ಮತ್ತೆ ಪುಸ್ತಕವಾಗುವದಿಲ್ಲ. 2020ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳೇ ಮುಚ್ಚಿದವು. ಆ ವರ್ಷ ಸರಕಾರವು ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಪ್ರಸಾರ ಮಾಡಿತು. ‘ವಿದ್ಯಾಗಮ’ ಯೋಜನೆಯಂತೆ ಶಿಕ್ಷಕರು ಗುಡಿಯ ಪೌಳಿ, ಸಮುದಾಯ ಭವನ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಫೋನು ಇದ್ದ ಮಗುವು ಅಷ್ಟಿಷ್ಟು ಕಲಿಯಿತು. ಇಲ್ಲದ ಮಗುವು ಹಿಂದೆ ಬಿದ್ದಿತು. ಆದುದರಿಂದ ಸಾಧನವನ್ನು ಕಟ್ಟುವಾಗಲೇ ಅದು ಇಲ್ಲದವರಿಗೆ ಹೇಗೆ ಮುಟ್ಟುವದೆಂಬ ವಿಚಾರವನ್ನೂ ಮಾಡತಕ್ಕದ್ದು.

ಜಾಲತಾಣದಲ್ಲಿ ಇರಬೇಕಾದುದೇನು

ಇಂಗ್ಲಿಷ್ ಕಲಿಸುವ ಜಾಲತಾಣಗಳೂ ಆ್ಯಪುಗಳೂ ಈಗಾಗಲೇ ಲೆಕ್ಕವಿಲ್ಲದಷ್ಟು ಇರುವಾಗ ಒಂದು ಹಳ್ಳಿಯ ಒಂದು ತರಗತಿಗೆ ಬೇರೆಯದೇಕೆ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯು ಯೋಗ್ಯವಾದುದು. ಇದಕ್ಕೆ ಉತ್ತರವೇನಂದರೆ, ಕನ್ನಡದ ಮಗುವು ಇಂಗ್ಲಿಷಿನಲ್ಲಿ ಎಲ್ಲಿ ಎಡವುವದೆಂಬದು ಅದರ ಕನ್ನಡವನ್ನು ಬಲ್ಲ ಶಿಕ್ಷಕರಿಗೆ ಮಾತ್ರ ತಿಳಿಯುವದು. ಇದನ್ನು ಕೆಲವು ಉದಾಹರಣೆಗಳಿಂದ ಸ್ಪಷ್ಟಪಡಿಸುವದು ಅವಶ್ಯ.

ಮೊದಲನೆಯದು ಧ್ವನಿ. ಪಶ್ಚಿಮ ದಿಕ್ಕಿಗೂ ಒಳಗೆ ತೊಡುವ ಅಂಗಿಗೂ ಇಂಗ್ಲಿಷಿನಲ್ಲಿ ಇರುವ ಎರಡು ಬೇರೆ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ‘ವೆಸ್ಟ್’ ಎಂದು ಒಂದೇ ರೀತಿಯಾಗಿ ಬರೆಯಬೇಕಾಗುವದು. ಮೊದಲನೆಯದನ್ನು ತುಟಿಗಳನ್ನು ದುಂಡಗೆ ಮಾಡಿ ಉಚ್ಚರಿಸಬೇಕು. ಎರಡನೆಯದನ್ನು ಮೇಲಿನ ಹಲ್ಲುಗಳನ್ನು ಕೆಳದುಟಿಗೆ ತಾಗಿಸಿ ಉಚ್ಚರಿಸಬೇಕು. ಇದನ್ನು ಎಷ್ಟು ಬರೆದರೂ ತಿಳಿಸಲಾಗದು. ಕೇಳಿಸಿದರೆ ಒಂದು ಕ್ಷಣದಲ್ಲಿ ತಿಳಿಯುವದು. ಕನ್ನಡದ ಶಬ್ದಗಳು ಬಹುಮಟ್ಟಿಗೆ ಸ್ವರಾಂತವಾಗಿರುವದರಿಂದ ‘ಬಸ್’ ಎಂಬದು ಮಗುವಿನ ಬಾಯಲ್ಲಿ ‘ಬಸ್ಸು’ ಆಗುವದು, ‘ಬುಕ್’ ಎಂಬದು ‘ಬುಕ್ಕು’ ಆಗುವದು. ‘ಎಗ್’ ಎಂಬದರ ಹಿಂದೆ ಯಕಾರವು ತಾನಾಗಿಯೇ ಬಂದು ‘ಯೆಗ್’ ಆಗುವದು. ಇನ್ನು ಕನ್ನಡದಲ್ಲಿ ಬರೆದಂತೆ ಓದುವದು ರೂಢಿ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಪುಟ್’, ‘ಬಟ್’ ಎಂಬೆರಡು ಶಬ್ದಗಳ ಬರಹದಲ್ಲಿ ಮೊದಲಿನ ಅಕ್ಷರವೊಂದೇ ಬೇರೆ. ನಡುವಿನ ಸ್ವರದ ಅಕ್ಷರವು ಒಂದೇ ಇದ್ದರೂ ಉಚ್ಚಾರವು ಎರಡು ಬಗೆ. ಚಾಕುವಿಗೆ ‘ನೈಫ್’ ಎನ್ನುವರು; ಬರೆಯುವಾಗ ಮೊದಲಿಗೆ ಉಚ್ಚಾರವಿಲ್ಲದ ‘ಕೆ’ ಅಕ್ಷರವು ಬಂದು ನಿಲ್ಲುವದು. ಇಂಥಲ್ಲಿ ಮಗುವಿಗೆ ‘ನೀನು ದಡ್ಡ’ ಎಂದರೆ ಅದು ಅನ್ಯಾಯ. ‘ಕನ್ನಡದ ಕಟ್ಟಳೆ ಬೇರೆ, ಇಂಗ್ಲಿಷಿನ ಕಟ್ಟಳೆ ಬೇರೆ’ ಎಂದು ತಿಳಿಸಿ ಹೇಳುವದು ನ್ಯಾಯ. ಆದುದರಿಂದ ಜಾಲತಾಣದ ಪ್ರತಿಯೊಂದು ಪಾಠದ ಮಗ್ಗುಲಲ್ಲಿ ಶಿಕ್ಷಕರು ಸಾವಕಾಶವಾಗಿ ಓದಿದ ಧ್ವನಿಯು ಇರಬೇಕು. ಅದು ಮಗುವಿಗೆ ಪರಿಚಿತವಾದ ಮಾಸ್ತರರ ಅಥವಾ ಅಕ್ಕೋರ ಧ್ವನಿಯೇ ಆಗಿದ್ದರೆ ಅತ್ಯುತ್ತಮವು. ತರಗತಿಯಲ್ಲಿ ಎರಡನೆಯ ಸಲ ಕೇಳಲು ಸಂಕೋಚಪಡುವ ಮಗುವು ಮನೆಯಲ್ಲಿ ಹತ್ತು ಸಲ ಕೇಳಬಲ್ಲದು.

ಎರಡನೆಯದು ವಾಕ್ಯರಚನೆ. ‘ಅವ್ವ ರೊಟ್ಟಿ ಮಾಡುತ್ತಾಳೆ’ ಎಂಬಲ್ಲಿ ಕ್ರಿಯಾಪದವು ಕೊನೆಗೆ ಬರುವದು. ಇಂಗ್ಲಿಷಿನಲ್ಲಿ ಅದು ‘ಅವ್ವ’ ಎಂಬ ಕರ್ತೃವಿನ ಬೆನ್ನಿಗೇ ಬರುವದು. ‘ಕೆರೆಯಲ್ಲಿ’ ಎಂಬಲ್ಲಿ ‘ಅಲ್ಲಿ’ ಎಂಬ ಪ್ರತ್ಯಯವು ನಾಮಪದದ ಕೊನೆಗೆ ಅಂಟಿಕೊಳ್ಳುವದು. ಇಂಗ್ಲಿಷಿನ ‘ಇನ್’ ಎಂಬದು ನಾಮಪದಕ್ಕಿಂತ ಮೊದಲೇ ಬಂದು ನಿಲ್ಲುವದು. ‘ನನಗೆ ಹಸಿವಾಗಿದೆ’ ಎಂದು ಚತುರ್ಥೀ ವಿಭಕ್ತಿಯಲ್ಲಿ ಹೇಳುವ ಮಾತನ್ನು ಇಂಗ್ಲಿಷಿನಲ್ಲಿ ‘ಐ ಆಮ್ ಹಂಗ್ರಿ’ ಎಂದು ಪ್ರಥಮಾ ವಿಭಕ್ತಿಯಲ್ಲಿ ಹೇಳಬೇಕು. ಇನ್ನೊಂದು ಸೂಕ್ಷ್ಮವೂ ಉಂಟು. ಗುರುಗಳು ಬಂದರು, ಅವರು ಪಾಠ ಹೇಳಿದರು ಎಂದು ಗೌರವದಿಂದ ಬಹುವಚನವನ್ನಾಡುವ ಮಗುವು ಇಂಗ್ಲಿಷಿನಲ್ಲಿಯೂ ಗುರುಗಳಿಗೆ ‘ದೇ’ ಎಂದು ಬರೆಯುವದು. ಅಲ್ಲಿ ‘ಹೀ’ ಎಂದೇ ಬರೆಯಬೇಕು, ಇಂಗ್ಲಿಷಿನಲ್ಲಿ ಅದು ಅಗೌರವವಲ್ಲ ಎಂಬದನ್ನು ಕನ್ನಡದಲ್ಲಿ ವಿವರಿಸಿದರೆ ಮಗುವಿನ ಸಂಶಯವು ಪರಿಹಾರವಾಗುವದು. ಕೆಂಪು ಶಾಯಿಯಿಂದ ಹೊಡೆದು ಹಾಕಿದರೆ ತನ್ನ ವಿನಯವೇ ತಪ್ಪಾಯಿತೇನೋ ಎಂದು ಅದು ಬೆದರುವದು. ಈ ತರದ ಒಂದೊಂದು ತೊಡಕಿಗೆ ಒಂದೊಂದು ಚಿಕ್ಕ ಪುಟವನ್ನು ಮಾಡಿ, ಮೇಲೆ ಕನ್ನಡ ವಾಕ್ಯ, ಕೆಳಗೆ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಎರಡು ಸಾಲಿನ ಕನ್ನಡ ವಿವರಣೆಯನ್ನು ಇಡಬೇಕು. ಮನೆಯಲ್ಲಿ ಉರ್ದುವನ್ನೋ ಲಂಬಾಣಿಯನ್ನೋ ಮರಾಠಿಯನ್ನೋ ಆಡುವ ಮಕ್ಕಳು ತರಗತಿಯಲ್ಲಿದ್ದರೆ ಅವರ ಮನೆಮಾತಿನ ಶಬ್ದಕ್ಕೂ ಅಲ್ಲಿ ಸ್ಥಾನವಿರಬೇಕು. ಆ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆಯೆಂಬದನ್ನು ಮರೆಯಬಾರದು.

ಮೂರನೆಯದು ಶಬ್ದಸಂಗ್ರಹ. ಕಾಣದ ಊರಿನ ಕಾಣದ ವಸ್ತುಗಳ ಹೆಸರುಗಳನ್ನು ಕಂಠಪಾಠ ಮಾಡಿಸುವದಕ್ಕಿಂತ ಕಣ್ಣ ಮುಂದಿರುವ ವಸ್ತುಗಳಿಂದ ಆರಂಭಿಸುವದು ಲೇಸು. ನೇಕಾರರ ಮಗುವಿಗೆ ಹಾಸು, ಹೊಕ್ಕು, ಲಾಳಿಗಳು ಹುಟ್ಟಿದಂದಿನಿಂದ ಗೊತ್ತು. ಹಾಸಿಗೆ ‘ವಾರ್ಪ್’, ಹೊಕ್ಕಿಗೆ ‘ವೆಫ್ಟ್’, ಲಾಳಿಗೆ ‘ಶಟಲ್’ ಎನ್ನುವರೆಂದು ತಿಳಿದಾಗ ಇಂಗ್ಲಿಷು ತನ್ನ ಮನೆಯೊಳಗೇ ಬಂದಂತೆ ಆ ಮಗುವಿಗೆ ತೋರುವದು. ಹಾಗೆಯೇ ಜೋಳ, ಕಬ್ಬು, ಗೋವಿನಜೋಳಗಳ ಹೊಲ, ಗೊಡಚಿಯ ವೀರಭದ್ರೇಶ್ವರ ಜಾತ್ರೆ, ತೊರಗಲ್ಲಿನ ಕೋಟೆ, ಮಲಪ್ರಭೆಯ ದಂಡೆ ಇವುಗಳನ್ನು ಕುರಿತು ಐದೈದು ಸುಲಭ ವಾಕ್ಯಗಳನ್ನು ಮಕ್ಕಳಿಂದಲೇ ಬರೆಯಿಸಿ, ತಿದ್ದಿ, ಚಿತ್ರಸಹಿತ ಜಾಲತಾಣದಲ್ಲಿಡಬಹುದು. ತಾವು ಬರೆದುದನ್ನು ಊರಿನವರು ಓದುವರೆಂಬ ಅಭಿಮಾನವು ಮಕ್ಕಳನ್ನು ಮತ್ತಷ್ಟು ಬರೆಯುವಂತೆ ಪ್ರೇರೇಪಿಸುವದು. ಎಂಟರಿಂದ ಹತ್ತನೆಯ ತರಗತಿಯ ವರೆಗಿನ ಮಕ್ಕಳಿಗಾಗಿ ವಿಜ್ಞಾನ, ಗಣಿತಗಳ ಪಾರಿಭಾಷಿಕ ಶಬ್ದಗಳನ್ನು ಕನ್ನಡ ಇಂಗ್ಲಿಷ್ ಎರಡರಲ್ಲಿಯೂ ಜೋಡಿಸಿಟ್ಟರೆ ಮೇಲೆ ಹೇಳಿದ ಪದವಿಪೂರ್ವ ತರಗತಿಯ ಭಯವು ಬಹುಮಟ್ಟಿಗೆ ಕಡಿಮೆಯಾಗುವದು.

ಎಲ್ಲವನ್ನೂ ಶಿಕ್ಷಕರೇ ಹೊಸದಾಗಿ ಸೃಷ್ಟಿಸಬೇಕೆಂದಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಭಂಡಾರದಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಉಚಿತವಾಗಿ ದೊರೆಯುವವು. ಒಂದೇ ಕಥೆಯನ್ನು ಮೊದಲು ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿನಲ್ಲಿ ಓದಿದರೆ ಅರ್ಥವು ಮೊದಲೇ ತಿಳಿದಿರುವದರಿಂದ ಶಬ್ದಗಳು ತಾವಾಗಿಯೇ ಮನಸ್ಸಿನಲ್ಲಿ ನಿಲ್ಲುವವು. 2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯಲ್ಲಿ ಪಠ್ಯಪುಸ್ತಕಗಳಿಗೆ ಸಂಬಂಧಿಸಿದ ಪಾಠಸಾಮಗ್ರಿಯಿದೆ; ಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಗುರುತಿಗೆ ಫೋನನ್ನು ಹಿಡಿದರೆ ಅದು ತೆರೆಯುವದು. ನಿಘಂಟುಗಳ ವಿಷಯದಲ್ಲಂತೂ ಕನ್ನಡವು ಭಾಗ್ಯಶಾಲಿಯಾಗಿರುವದು. ರೆವರೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಈ ಕಾಲದಲ್ಲಿ ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕಗಳ ವರೆಗೆ ಒಬ್ಬರೇ ಕುಳಿತು ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೆ ಮಿಕ್ಕಿದ ಶಬ್ದಗಳುಳ್ಳ ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಜಾಲದ ಮೇಲೆ ಎಲ್ಲರಿಗೂ ಮುಕ್ತವಾಯಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಿಂದ ನಡೆಸುತ್ತಿರುವ ‘ಭಾರತವಾಣಿ’ಯಲ್ಲಿಯೂ ಅನೇಕ ನಿಘಂಟುಗಳಿವೆ. ಇವೆಲ್ಲವುಗಳಿಗೆ ದಾರಿಯನ್ನು ತೋರಿಸುವ ಒಂದು ಪುಟವನ್ನು ತರಗತಿಯ ಜಾಲತಾಣದಲ್ಲಿ ಇಟ್ಟರೆ ಸಾಕು. ಮಗುವು ಜಾಲವೆಂಬ ಮಹಾರಣ್ಯದಲ್ಲಿ ದಾರಿ ತಪ್ಪುವದಿಲ್ಲ.

ಕಟ್ಟುವ ಕ್ರಮ

ಜಾಲತಾಣವನ್ನು ಕಟ್ಟುವದಕ್ಕೆ ದೊಡ್ಡ ದ್ರವ್ಯವಾಗಲಿ ಯಂತ್ರಶಾಸ್ತ್ರದ ಪಾಂಡಿತ್ಯವಾಗಲಿ ಬೇಕಾಗಿಲ್ಲ. ‘ಗೂಗಲ್ ಸೈಟ್ಸ್’, ‘ವರ್ಡ್‌ಪ್ರೆಸ್’ ಮುಂತಾದ ಸಾಧನಗಳಿಂದ ಹಣ ಕೊಡದೆಯೇ ಒಂದು ಸಾದಾ ತಾಣವನ್ನು ಮಾಡಿಕೊಳ್ಳಬಹುದು. ಆದರೆ ನಾಲ್ಕು ನಿಯಮಗಳನ್ನು ಲಕ್ಷ್ಯದಲ್ಲಿಡಬೇಕು.

ಒಂದು, ಪುಟವು ಹಗುರವಾಗಿರಬೇಕು. ಒಂದು ನಿಮಿಷದ ಧ್ವನಿಯು ಸಾಮಾನ್ಯವಾಗಿ ಒಂದು ಎಂಬಿಯೊಳಗೇ ಇರುವದು. ಅದೇ ನಿಮಿಷದ ಸ್ಪಷ್ಟವಾದ ವಿಡಿಯೋ ಅದರ ಹತ್ತಾರು ಪಟ್ಟು ತೂಗುವದು. ಗುಡ್ಡದ ಮರೆಯಲ್ಲಿರುವ ಊರುಗಳಲ್ಲಿ ನೆಟ್‌ವರ್ಕು ಕ್ಷೀಣವಾಗಿರುವದರಿಂದ ಧ್ವನಿಗೂ ಬರಹಕ್ಕೂ ಪ್ರಾಧಾನ್ಯವನ್ನು ಕೊಟ್ಟು, ಚಿತ್ರಗಳನ್ನು ಕಿರಿದು ಮಾಡಿ ಹಾಕಬೇಕು. ಎರಡು, ಕನ್ನಡ ಬರಹವು ಯೂನಿಕೋಡಿನಲ್ಲಿಯೇ ಇರಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪಾಠವು ಶಾಲೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡರೂ ಮಗುವಿನ ಮನೆಯ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಗುಂಪಾಗಿ ತೋರುವದು. ಮೂರು, ಪ್ರತಿಯೊಂದು ಪಾಠದ ಪುಟವೂ ಒಂದೇ ಕ್ರಮದಲ್ಲಿರಬೇಕು: ಮೊದಲು ಧ್ವನಿ, ಅನಂತರ ಶಬ್ದಗಳು, ಅನಂತರ ವಾಕ್ಯಗಳು, ಕೊನೆಗೆ ಐದು ಪ್ರಶ್ನೆಗಳು. ದಾರಿಯು ಗೊತ್ತಿದ್ದರೆ ಮಗುವು ಯಾರ ಸಹಾಯವೂ ಇಲ್ಲದೆ ನಡೆಯುವದು. ನಾಲ್ಕು, ಹಾಕಿದ ಧ್ವನಿಯೂ ಚಿತ್ರವೂ ಹೊರಗಿನವರಿಗೆ ತೆರೆಯುವವೋ ಇಲ್ಲವೋ ಎಂಬದನ್ನು ಬೇರೆಯವರ ಫೋನಿನಲ್ಲಿ ಪರೀಕ್ಷಿಸಿ ನೋಡಬೇಕು. ಅನುಮತಿಯ ಬೀಗವನ್ನು ತೆಗೆಯದೆ ಹಾಕಿದ ಪಾಠವು ಮಾಡಿದವರಿಗೆ ಮಾತ್ರ ಕಾಣುವದು. ಮಗುವು ಮುಚ್ಚಿದ ಬಾಗಿಲನ್ನು ಕಂಡು ಹಿಂತಿರುಗುವದು.

ಜಾಲತಾಣವು ಗೋಡೆಗೆ ಅಂಟಿಸಿದ ನೋಟೀಸಿನಂತೆ ಒಮ್ಮುಖವಾಗಿರಬಾರದು. ಮಗುವು ಐದು ಪ್ರಶ್ನೆಗಳಿಗೆ ಉತ್ತರಿಸಿದರೆ ಶಿಕ್ಷಕರು ಅದನ್ನು ನೋಡಿ, ಯಾವ ಶಬ್ದದಲ್ಲಿ ಬಹಳ ಮಕ್ಕಳು ಎಡವಿದರೋ ಅದನ್ನೇ ಮರುದಿನದ ತರಗತಿಯಲ್ಲಿ ಮೊದಲು ಎತ್ತಿಕೊಳ್ಳಬೇಕು. ಹೀಗೆ ಮಾಡಿದಾಗ ತಾಣವು ತರಗತಿಗೆ ಪೂರಕವಾಗುವದು. ಹೀಗೆ ಮಾಡದಿದ್ದರೆ ಒಂದು ತಿಂಗಳೊಳಗೆ ಅದನ್ನು ಕೇಳುವವರೇ ಇರಲಾರರು. ಯಂತ್ರವು ಎಷ್ಟೇ ಜಾಣತನದ್ದಾದರೂ ಗುರುವಿನ ಸ್ಥಾನಕ್ಕೆ ಬರಲಾರದು. ಗುರುವಿನ ಧ್ವನಿಯನ್ನು ಮನೆಯ ವರೆಗೆ ಮುಟ್ಟಿಸುವದೇ ಅದರ ಕೆಲಸ.

ಎಚ್ಚರಿಕೆಯ ಮಾತುಗಳು

ಮಕ್ಕಳ ಹೆಸರು, ಭಾವಚಿತ್ರ, ಅಂಕಗಳು, ಫೋನ್ ನಂಬರುಗಳನ್ನು ಎಲ್ಲರೂ ನೋಡುವ ಪುಟದಲ್ಲಿ ಎಂದಿಗೂ ಹಾಕಬಾರದು. 2023ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯ್ದೆಯು ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಗಳ ಸಮ್ಮತಿಯನ್ನು ವಿಧಿಸಿರುವದು. ಕಾಯ್ದೆಯ ಮಾತು ಒತ್ತಟ್ಟಿಗಿರಲಿ, ಹೆತ್ತವರು ನಂಬಿ ಒಪ್ಪಿಸಿದ ಮಗುವನ್ನು ಸಂತೆಯಲ್ಲಿ ತೋರಿಸುವದು ಧರ್ಮವಲ್ಲ. ಇನ್ನೊಬ್ಬರು ಬರೆದ ಪುಸ್ತಕ, ತೆಗೆದ ಚಿತ್ರಗಳನ್ನು ಅನುಮತಿಯಿಲ್ಲದೆ ಎತ್ತಿ ಹಾಕುವದೂ ಅಯೋಗ್ಯ. ಅವುಗಳ ವಿಳಾಸವನ್ನು ಕೊಟ್ಟರೆ ಸಾಕು. ಯಂತ್ರವು ಮಾಡುವ ಭಾಷಾಂತರವನ್ನು ಕಣ್ಣು ಮುಚ್ಚಿ ನಂಬಬಾರದು. 2011ರಿಂದ ಗೂಗಲ್ ಯಂತ್ರವು ಕನ್ನಡವನ್ನು ಭಾಷಾಂತರಿಸುತ್ತಿದ್ದು ದಿನೇ ದಿನೇ ಸುಧಾರಿಸಿದ್ದರೂ, ರಾಮದುರ್ಗದ ಕಡೆಯ ಆಡುಮಾತೂ ಗಾದೆಗಳೂ ಅದರ ಕೈಗೆ ಸಿಕ್ಕಾಗ ವಿಪರೀತಾರ್ಥವು ಹುಟ್ಟುವ ಸಂಭವವಿರುವದು. ಶಿಕ್ಷಕರು ಓದಿ ತಿದ್ದದ ಯಾವ ವಾಕ್ಯವೂ ಮಗುವಿನ ಮುಂದೆ ಹೋಗಕೂಡದು.

ಇವೆಲ್ಲಕ್ಕಿಂತ ದೊಡ್ಡ ಅಪಾಯವು ಬೇರೆಯೇ ಇದೆ. ಉತ್ಸಾಹಿಗಳಾದ ಒಬ್ಬ ಶಿಕ್ಷಕರು ತಮ್ಮ ಸ್ವಂತ ಖಾತೆಯಿಂದ ತಾಣವನ್ನು ತೆರೆಯುವರು. ಎರಡು ವರ್ಷ ಚೆನ್ನಾಗಿ ನಡೆಸುವರು. ಅಷ್ಟರಲ್ಲಿ ಅವರಿಗೆ ವರ್ಗವಾಗುವದು. ಬೀಗದ ಕೈ ಅವರೊಡನೆ ಹೋಗುವದು. ತಾಣವು ಪೂಜೆಯಿಲ್ಲದ ಗುಡಿಯಂತೆ ಉಳಿಯುವದು. ಆದುದರಿಂದ ತಾಣದ ಖಾತೆಯು ಶಾಲೆಯ ಹೆಸರಿನಲ್ಲಿಯೇ ಇರತಕ್ಕದ್ದು. ಅದರ ಗುಪ್ತಪದವು ಮುಖ್ಯಾಧ್ಯಾಪಕರಲ್ಲಿಯೂ ಇನ್ನೊಬ್ಬ ಸಹಾಧ್ಯಾಪಕರಲ್ಲಿಯೂ ಇರಬೇಕು. ಪ್ರತಿ ವರ್ಷ ಜೂನ ತಿಂಗಳಲ್ಲಿ ಶಾಲಾ ಮೇಲುಸ್ತುವಾರಿ ಸಮಿತಿಯವರ ಸಮಕ್ಷಮದಲ್ಲಿ ಅದನ್ನು ಒಪ್ಪಿಸಿಕೊಳ್ಳುವ ಪದ್ಧತಿಯನ್ನಿಡಬೇಕು. ಶಾಲೆಯ ದಫ್ತರದಂತೆ ಇದೂ ಶಾಲೆಯ ಆಸ್ತಿಯೆಂಬ ಭಾವನೆಯು ಬೇರೂರಬೇಕು.

ಮಠದ ಕರ್ತವ್ಯ

ಇಷ್ಟು ವಿವರಿಸಿದ ಬಳಿಕ ಭಕ್ತರ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಏಳುವದು ಸಹಜ. ತಾಣವನ್ನು ಕಟ್ಟುವವರು ಶಿಕ್ಷಕರು, ಕಲಿಯುವವರು ಮಕ್ಕಳು, ಇದರಲ್ಲಿ ಮಠಕ್ಕೇನು ಕೆಲಸ? ಮಠಕ್ಕೆ ಅತ್ಯಂತ ಅವಶ್ಯವಾದ ಕೆಲಸವು ಇದರಲ್ಲಿಯೇ ಇರುವದು. ಹಳ್ಳಿಯ ಮನೆಯಲ್ಲಿ ಫೋನು ಒಂದೇ ಇರುವದು. ಅದು ಹಗಲೆಲ್ಲ ತಂದೆಯ ಜೇಬಿನಲ್ಲಿ ಹೋಗುವದು. ರಾತ್ರಿ ಬಂದ ಮೇಲೆ ಮೂವರು ಮಕ್ಕಳು ಅದಕ್ಕಾಗಿ ಜಗಳಾಡುವರು. ಕೆಲವು ಮನೆಗಳಲ್ಲಿ ಅದೂ ಇಲ್ಲ. ಹುಡುಗನ ಕೈಗೆ ಫೋನು ಕೊಡುವ ಮನೆಯಲ್ಲಿ ಹುಡುಗಿಯ ಕೈಗೆ ಕೊಡದಿರುವ ಉದಾಹರಣೆಗಳೂ ಉಂಟು. ಹೀಗಾದರೆ ಉಳ್ಳವರ ಮಗುವಿಗೆ ಮತ್ತಷ್ಟು ಉಪಕಾರವಾಗಿ, ಇಲ್ಲದವರ ಮಗುವು ಇದ್ದಲ್ಲಿಯೇ ಉಳಿಯುವದು.

ಇದಕ್ಕೆ ಪರಿಹಾರವು ಮಠದ ಅಂಗಳದಲ್ಲಿದೆ. ಸಾಯಂಕಾಲ ಆರರಿಂದ ಎಂಟರ ವರೆಗೆ ಒಂದು ಕೋಣೆ, ಎರಡು ಮೂರು ಕಂಪ್ಯೂಟರುಗಳು, ಮಗ್ಗುಲಲ್ಲಿ ಕುಳಿತುಕೊಳ್ಳುವ ಒಬ್ಬ ಕಾಲೇಜು ವಿದ್ಯಾರ್ಥಿ ಅಥವಾ ನಿವೃತ್ತ ಶಿಕ್ಷಕರು ಇಷ್ಟಿದ್ದರೆ ಸಾಕು. ನೆಟ್‌ವರ್ಕು ಇಲ್ಲದ ಊರಿನಲ್ಲಿಯೂ ‘ಕೊಲಿಬ್ರಿ’ಯಂಥ ಉಚಿತ ತಂತ್ರಾಂಶದಿಂದ ಪಾಠಗಳನ್ನು ಒಂದೇ ಕಂಪ್ಯೂಟರಿನಲ್ಲಿ ತುಂಬಿಟ್ಟು, ಅದೇ ಕೋಣೆಯಲ್ಲಿರುವ ಇತರ ಯಂತ್ರಗಳಿಗೆ ಹಂಚಬಹುದು. ಜಾಲತಾಣದ ಪಾಠಗಳನ್ನು ತಿಂಗಳಿಗೊಮ್ಮೆ ಕಾಗದದ ಮೇಲೆ ಅಚ್ಚು ಮಾಡಿಸಿ ಫೋನಿಲ್ಲದ ಮನೆಗಳಿಗೆ ಕಳುಹಿಸುವ ಖರ್ಚನ್ನು ಭಕ್ತರಲ್ಲಿ ಒಬ್ಬೊಬ್ಬರು ಒಂದೊಂದು ತಿಂಗಳು ವಹಿಸಿಕೊಳ್ಳಬಹುದು. ಜಾತಿಮತಭೇದವಿಲ್ಲದೆ, ಹುಡುಗ ಹುಡುಗಿಯರೆಂಬ ತಾರತಮ್ಯವಿಲ್ಲದೆ ಆ ಕೋಣೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಬೇಕೆಂಬದನ್ನು ಈ ಪೀಠದ ಭಕ್ತರಿಗೆ ಬೇರೆ ಹೇಳಲವಶ್ಯವಿಲ್ಲ.

ಒಬ್ಬರ ಮನೆಯಲ್ಲಿ ಅಡಗಿದ್ದುದನ್ನು ಎಲ್ಲರಿಗೂ ದೊರಕಿಸುವ ಕಾರ್ಯವು ಎಂಥ ಫಲವನ್ನು ಕೊಡಬಲ್ಲದೆಂಬದಕ್ಕೆ ಫ. ಗು. ಹಳಕಟ್ಟಿಯವರ (1880-1964) ನಿದರ್ಶನವು ಈ ಸಭೆಗೆ ಪರಿಚಿತವೇ. ಶರಣರ ವಚನಗಳು ತಾಡವೋಲೆಗಳಲ್ಲಿ ಕಟ್ಟಿಟ್ಟು ಜಂತಿಗಳ ಸಂದಿಯಲ್ಲಿ ಹುಳು ತಿನ್ನುತ್ತಿದ್ದಾಗ, ಅವರು ಮನೆಮನೆಗೆ ಅಲೆದು ಅವುಗಳನ್ನು ಸಂಗ್ರಹಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಆ ಕಾಲಕ್ಕೆ ಮುದ್ರಣಯಂತ್ರವೇ ಹೊಸ ಸಾಧನವಾಗಿದ್ದಿತು. ಈ ಕಾಲದಲ್ಲಿ ಅದೇ ವಚನಗಳನ್ನು ಕೆಲವು ತರುಣರೂ ಪಂಡಿತರೂ ಕೂಡಿ ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಹುಡುಕಿ ಓದುವಂತೆ ಇಟ್ಟಿರುವರು. ಸಾಧನವು ಬದಲಾಯಿತು; ಸಂಕಲ್ಪವು ಬದಲಾಗಲಿಲ್ಲ. ಜನರಿಗೆ ತಿಳಿಯುವ ಮಾತಿನಲ್ಲಿ ಅರಿವನ್ನು ಜನರ ಬಾಗಿಲಿಗೆ ಮುಟ್ಟಿಸುವದೇ ಆ ಸಂಕಲ್ಪವು. ಇಂಗ್ಲಿಷ್ ಪಾಠವನ್ನು ಕನ್ನಡದ ಮೂಲಕ ಕನ್ನಡದ ಮಗುವಿಗೆ ಮುಟ್ಟಿಸುವ ಕಾರ್ಯವೂ ಅದೇ ಸಾಲಿಗೆ ಸೇರತಕ್ಕದ್ದು.

ಕಾರ್ಯವನ್ನು ದೊಡ್ಡದಾಗಿ ಆರಂಭಿಸಬೇಕೆಂದಿಲ್ಲ. ಈ ವರ್ಷ ಒಂದು ಶಾಲೆಯ ಒಂದು ತರಗತಿಯಿಂದ ಆರಂಭವಾಗಲಿ. ವಾರಕ್ಕೊಂದು ಪಾಠದ ಧ್ವನಿ, ಹತ್ತು ಶಬ್ದ, ಐದು ವಾಕ್ಯಗಳು ತಪ್ಪದೆ ಸೇರುತ್ತ ಹೋದರೆ ವರ್ಷಾಂತ್ಯಕ್ಕೆ ಅದೇ ಒಂದು ಗ್ರಂಥದಷ್ಟಾಗುವದು. ಫಲವನ್ನು ಅಳೆಯುವಾಗ ಎಷ್ಟು ಜನರು ತಾಣವನ್ನು ನೋಡಿದರೆಂಬ ಲೆಕ್ಕವನ್ನು ಹಿಡಿಯಬಾರದು. ಮನೆಯಲ್ಲಿ ಹೇಳಿಕೊಡುವವರಿಲ್ಲದ, ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕೂಡುವ ಮಗುವು ವರ್ಷದ ಕೊನೆಗೆ ಎದ್ದು ನಿಂತು ಒಂದು ಪುಟದ ಇಂಗ್ಲಿಷನ್ನು ಅಂಜದೆ ಓದಿ, ಅದರ ಅರ್ಥವನ್ನು ತನ್ನ ಕನ್ನಡದಲ್ಲಿ ಹೇಳಿತೇ ಎಂಬದೇ ನಿಜವಾದ ಪರೀಕ್ಷೆಯು. ಅದು ಹೇಳಿದರೆ ಕಾರ್ಯವು ಸಾರ್ಥಕ. ಹೇಳದಿದ್ದರೆ ಎಲ್ಲಿ ಕೊರತೆಯಾಯಿತೆಂದು ಹುಡುಕಿ ಮತ್ತೆ ಆರಂಭಿಸತಕ್ಕದ್ದು.

ಲಿಂಗರಾಜರಂತೆ ಸಂಸ್ಥಾನವನ್ನು ಬರೆದುಕೊಡುವ ಶಕ್ತಿಯು ಎಲ್ಲರಿಗೂ ಇರಲಾರದು; ಆದರೆ ವಾರಕ್ಕೆ ಎರಡು ತಾಸುಗಳ ಹೊತ್ತನ್ನು ಒಂದು ಮಗುವಿನ ಮಗ್ಗುಲಲ್ಲಿ ಕಳೆಯುವ ಶಕ್ತಿಯು ಓದು ಬಲ್ಲ ಪ್ರತಿಯೊಬ್ಬ ಭಕ್ತರಿಗೂ ಇರುವದು. ಕನ್ನಡದಲ್ಲಿ ಭದ್ರವಾಗಿ ನಿಂತು ಇಂಗ್ಲಿಷನ್ನು ಕೈವಶ ಮಾಡಿಕೊಳ್ಳುವ ಮಕ್ಕಳು ಮಲಪ್ರಭೆಯ ತೀರದ ಪ್ರತಿಯೊಂದು ಊರಿನಲ್ಲಿಯೂ ಬೆಳೆಯಲಿ. ಅವರನ್ನು ಬೆಳೆಸುವ ಬುದ್ಧಿಯನ್ನೂ ಬಲವನ್ನೂ ಶ್ರೀಗುರುವು ಸರ್ವರಿಗೂ ಕರುಣಿಸಲಿ.